ಅಗ್ಗದ ಪ್ರೋಟಾನ್ ವಿನಿಮಯ ಪೊರೆಯನ್ನು ಸುಧಾರಿಸುವ ಬಗೆ: ಪಾಲಿಮರ್ ಪುಡಿಯಿಂದ ಇಂಧನ ಕೋಶದವರೆಗೆ

ಹೈಡ್ರೋಜನ್ ಇಂಧನ ಕೋಶದ ಎರಡು ವಿದ್ಯುದ್ವಾರಗಳ ನಡುವೆ ಕೂದಲಿನ ದಪ್ಪದ ಒಂದು ಪೊರೆ ಇರುತ್ತದೆ. ಅದು ಪ್ರೋಟಾನುಗಳನ್ನು ದಾಟಿಸಬೇಕು, ಎಲೆಕ್ಟ್ರಾನುಗಳನ್ನು ತಡೆಯಬೇಕು, ಹೈಡ್ರೋಜನ್ ಮತ್ತು ಆಮ್ಲಜನಕ ನೇರವಾಗಿ ಬೆರೆಯದಂತೆ ಕಾಯಬೇಕು. 1960ರ ದಶಕದ ಕೊನೆಯಲ್ಲಿ ಡುಪಾಂಟ್ ಕಂಪನಿಯ ವಾಲ್ಥರ್ ಗ್ರೋಟ್ ರೂಪಿಸಿದ ನಾಫಿಯಾನ್ ಈ ಮೂರನ್ನೂ ಎಷ್ಟು ಚೆನ್ನಾಗಿ ಮಾಡುತ್ತದೆಯೆಂದರೆ, ಇಂದಿಗೂ ಯಾವ ಹೊಸ ಪೊರೆ ಬಂದರೂ ಅದನ್ನು ಇದರ ಪಕ್ಕದಲ್ಲಿಟ್ಟೇ ಅಳೆಯುತ್ತಾರೆ. ಆದರೆ ಅದರ ಫ್ಲೂರಿನ್ ಮಾನೋಮರುಗಳ ತಯಾರಿಕೆ ಅಪಾಯಕಾರಿಯೂ ಹಲವು ಹಂತಗಳದ್ದೂ ಆಗಿರುವುದರಿಂದ ಬೆಲೆ ಇಳಿಯುವುದು ಕಷ್ಟ. ಇದರ ಜೊತೆಗೆ, ಪರಿಸರದಲ್ಲಿ ಒಡೆಯದೆ ಉಳಿಯುವ ಫ್ಲೂರಿನ್ ಸಂಯುಕ್ತಗಳನ್ನು ನಿರ್ಬಂಧಿಸುವ ಪ್ರಸ್ತಾವವೊಂದು 2023ರಲ್ಲಿ ಯುರೋಪಿನಲ್ಲಿ ಮಂಡನೆಯಾದ ಮೇಲೆ ಫ್ಲೂರಿನ್ ಇಲ್ಲದ ಪೊರೆಗಳ ಹುಡುಕಾಟಕ್ಕೆ ಇನ್ನೊಂದು ಕಾರಣ ಸೇರಿಕೊಂಡಿದೆ.

ಕಾಲದ ಲೆಕ್ಕದಲ್ಲಿ ಮೊದಲು ಬಂದದ್ದು ಅಗ್ಗದ ಜಾತಿಯ ಪೊರೆಯೇ ಎಂಬುದನ್ನು ಇಲ್ಲಿ ನೆನೆಯಬೇಕು. 1965ರಲ್ಲಿ ಜೆಮಿನಿ 5 ಗಗನನೌಕೆಯಲ್ಲಿ ಹಾರಿದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಇಂಧನ ಕೋಶದಲ್ಲಿದ್ದದ್ದು ಪಾಲಿಸ್ಟೈರೀನ್ ಸಲ್ಫೋನಿಕ್ ಆಮ್ಲದ ಪೊರೆ. ಪ್ರೋಟಾನ್ ಸಾಗಿಸುವುದರಲ್ಲಿ ಅದಕ್ಕೆ ದೊಡ್ಡ ತೊಂದರೆ ಇರಲಿಲ್ಲ. ಕೋಶದೊಳಗಿನ ಉತ್ಕರ್ಷಣಕ್ಕೆ ಅದರ ಇಂಗಾಲ-ಹೈಡ್ರೋಜನ್ ಬಂಧಗಳು ಬಲಿಯಾಗಿ ಅದು ಬೇಗ ಹಾಳಾಗುತ್ತಿತ್ತು. ಅಗ್ಗದ ಪೊರೆಯನ್ನು ಸುಧಾರಿಸಲು ಹೊರಟವರಲ್ಲಿ ಬಹುಪಾಲು ಜನ ಇದನ್ನು ಮರೆತು, ವಾಹಕತೆಯ ಅಂಕಿಯನ್ನು ಮೇಲೇರಿಸುವುದಕ್ಕೇ ತಿಂಗಳುಗಟ್ಟಲೆ ದುಡಿಯುತ್ತಾರೆ. ನನ್ನ ಅನುಭವ ಹೇಳುವುದು ಬೇರೆಯದೇ ದಾರಿ: ಸಾಧಾರಣ ವಾಹಕತೆಯ ಪೊರೆಯನ್ನು ತೆಳುವಾಗಿಸಿ, ನೀರಿನಲ್ಲಿ ಉಬ್ಬದಂತೆ ಬಿಗಿಗೊಳಿಸಿ, ವಿದ್ಯುದ್ವಾರಕ್ಕೆ ಸರಿಯಾಗಿ ಅಂಟಿಸಿದರೆ ಸಿಗುವ ಫಲ ಪ್ರೋಟಾನ್ ಸಾಗಿಸುವ ಸಲ್ಫೋನಿಕ್ ಆಮ್ಲದ ಗುಂಪುಗಳನ್ನು ಇನ್ನಷ್ಟು ತುರುಕುವುದರಿಂದ ಸಿಗುವುದಿಲ್ಲ. ಈ ಮಾರ್ಗದರ್ಶಿ ಆ ದಾರಿಯದ್ದು. ರಸಾಯನ ಪ್ರಯೋಗಾಲಯದ ಸಾಮಾನ್ಯ ಸೌಲಭ್ಯ, ಅಂದರೆ ಹೊಗೆಗೂಡು (ಆವಿಗಳನ್ನು ಹೊರಗೆ ಎಳೆಯುವ ಫ್ಯೂಮ್ ಹುಡ್), ನಿರ್ವಾತ ಒಲೆ, ನಿಖರ ತಕ್ಕಡಿ ಮತ್ತು ಪ್ರತಿಬಾಧೆ (ಇಂಪೀಡೆನ್ಸ್) ಅಳೆಯುವ ಉಪಕರಣ ಇರುವವರಿಗಾಗಿ ಬರೆದದ್ದು. ಮನೆಯಲ್ಲಿ ಮಾಡುವ ಕೆಲಸ ಇದಲ್ಲ.

ಮೊದಲ ಹೆಜ್ಜೆ: ಗುರಿಯನ್ನು ರೋಧದ ಲೆಕ್ಕದಲ್ಲಿ ಬರೆದುಕೊಳ್ಳುವುದು

ಕೋಶದಲ್ಲಿ ವೋಲ್ಟೇಜ್ ನುಂಗುವುದು ಪೊರೆಯ ವಿಸ್ತೀರ್ಣ ರೋಧ. ಸೆಂಟಿಮೀಟರಿನಲ್ಲಿರುವ ದಪ್ಪವನ್ನು ವಾಹಕತೆಯಿಂದ ಭಾಗಿಸಿದರೆ ಅದು ಸಿಗುತ್ತದೆ. ಸುಮಾರು 178 ಮೈಕ್ರಾನ್ ದಪ್ಪದ ನಾಫಿಯಾನ್ 117 ಪೊರೆಯ ವಾಹಕತೆ ಸೆಂಟಿಮೀಟರಿಗೆ 0.1 ಸೀಮೆನ್ಸ್ ಎಂದಿಟ್ಟುಕೊಂಡರೆ ರೋಧ 0.178 ಓಮ್-ಚದರ ಸೆಂಟಿಮೀಟರ್ ಆಗುತ್ತದೆ. ನಿಮ್ಮ ಅಗ್ಗದ ಪೊರೆಯ ವಾಹಕತೆ ಅದರ ಅರ್ಧವೇ ಇದ್ದರೂ, ದಪ್ಪ 50 ಮೈಕ್ರಾನ್ ಆಗಿದ್ದರೆ ರೋಧ 0.1ಕ್ಕೆ ಇಳಿಯುತ್ತದೆ. ಚದರ ಸೆಂಟಿಮೀಟರಿಗೆ ಒಂದು ಆಂಪಿಯರ್ ಹರಿಯುವಾಗ ಇದು 0.1 ವೋಲ್ಟಿನ ನಷ್ಟ, 117ರಲ್ಲಾದರೆ 0.178 ವೋಲ್ಟ್. ಹಾಗೆಂದು ಬೀಗಬೇಕಿಲ್ಲ. ನಾಫಿಯಾನ್ 212ರ ದಪ್ಪ ಸುಮಾರು 51 ಮೈಕ್ರಾನ್ ಮಾತ್ರ. ಅಮೆರಿಕದ ಇಂಧನ ಇಲಾಖೆ ವಾಹನಗಳ ಪೊರೆಗೆ ಹಾಕಿಕೊಂಡ ಗುರಿಯಂತೂ 0.02. ಆದರೂ ಎಲ್ಲಿಂದ ಎಲ್ಲಿಗೆ ಹೋಗಬೇಕೆಂಬುದು ಈ ಒಂದು ಭಾಗಾಕಾರದಲ್ಲಿ ಸ್ಪಷ್ಟವಾಗುತ್ತದೆ.

ತೆಳುವಾಗಿಸುವ ಧೈರ್ಯಕ್ಕೆ ಹೈಡ್ರೋಕಾರ್ಬನ್ ಪೊರೆಗಳಲ್ಲೇ, ಅಂದರೆ ಫ್ಲೂರಿನ್ ಇಲ್ಲದ ಈ ಅಗ್ಗದ ಪೊರೆಗಳಲ್ಲೇ, ಒಂದು ಅನುಕೂಲವಿದೆ. ಅವುಗಳ ಮೂಲಕ ಅನಿಲ ಸೋರುವುದು ಫ್ಲೂರಿನ್ ಪೊರೆಗಳಿಗಿಂತ ಕಡಿಮೆ. ಹಾಗಾಗಿ ದಪ್ಪ ಇಳಿಸಿದರೂ ಹೈಡ್ರೋಜನ್ ದಾಟುವಿಕೆಯನ್ನು, ವಿದ್ಯುತ್ಪ್ರವಾಹವಾಗಿ ಅಳೆದರೆ, ಚದರ ಸೆಂಟಿಮೀಟರಿಗೆ 2 ಮಿಲಿಆಂಪಿಯರ್ ಒಳಗೆ ಇಡುವುದು ಅಸಾಧ್ಯವೇನಲ್ಲ. ಈ ಎರಡು ಅಂಕಿಗಳನ್ನು, ಅಂದರೆ ನೀವು ಮುಟ್ಟಬೇಕಾದ ರೋಧ ಮತ್ತು ಮೀರಬಾರದ ದಾಟುವಿಕೆಯನ್ನು, ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಡಿ.

ಎರಡನೆಯ ಹೆಜ್ಜೆ: ಮೂಲ ಪಾಲಿಮರ್ ಆಯ್ಕೆ

ಆಯ್ಕೆಗಳು ಹಲವಿವೆ, ಆದರೆ ಹೊಸಬರಿಗೆ ನಾನು ಎರಡನ್ನೇ ಹೇಳುತ್ತೇನೆ. ಮೊದಲನೆಯದು ಪಾಲಿವಿನೈಲ್ ಆಲ್ಕೋಹಾಲ್. ಇದು ನೀರಿನಲ್ಲೇ ಕರಗುತ್ತದೆ. ಸಲ್ಫೋಸಕ್ಸಿನಿಕ್ ಆಮ್ಲ ಬೆರೆಸಿ 120 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಒಂದೆರಡು ಗಂಟೆ ಕಾಯಿಸಿದರೆ ಸರಪಳಿಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ, ಅದೇ ಆಮ್ಲ ಪ್ರೋಟಾನ್ ಸಾಗಿಸುವ ಸಲ್ಫೋನಿಕ್ ಗುಂಪನ್ನೂ ಒದಗಿಸುತ್ತದೆ. ಕೈ ಪಳಗಿಸಲು ಇದಕ್ಕಿಂತ ಸುಲಭದ ಪೊರೆ ಇಲ್ಲ. ಮೆಥನಾಲನ್ನು ಚೆನ್ನಾಗಿ ತಡೆಯುವುದರಿಂದ ಕಡಿಮೆ ಉಷ್ಣತೆಯ ಮೆಥನಾಲ್ ಕೋಶಗಳಲ್ಲಿ ಉಪಯೋಗವೂ ಇದೆ. ಆದರೆ ಹೆಣಿಗೆಯ ಎಸ್ಟರ್ ಬಂಧಗಳು ಬಿಸಿ ಆಮ್ಲೀಯ ನೀರಿನಲ್ಲಿ ನಿಧಾನವಾಗಿ ಬಿಚ್ಚಿಕೊಳ್ಳುತ್ತವೆ; 80 ಡಿಗ್ರಿಯಲ್ಲಿ ದಿನಗಟ್ಟಲೆ ಓಡುವ ಕೋಶಕ್ಕೆ ಇದು ಹೊಂದುವುದಿಲ್ಲ.

ಎರಡನೆಯದು ಪಾಲಿ ಈಥರ್ ಈಥರ್ ಕೀಟೋನ್, ಬಳಕೆಯ ಹೆಸರಿನಲ್ಲಿ ಪೀಕ್. ಅದನ್ನು ಸಲ್ಫೋನೇಟ್ ಮಾಡಿದರೆ, ಅಂದರೆ ಅದರ ಸರಪಳಿಗೆ ಸಲ್ಫೋನಿಕ್ ಗುಂಪುಗಳನ್ನು ಸೇರಿಸಿದರೆ, ಸಿಗುವುದು ಎಸ್‌ಪೀಕ್. ಗಟ್ಟಿಯಾದ ಸುಗಂಧೀಯ (ಬೆಂಜೀನ್ ಉಂಗುರಗಳ) ಬೆನ್ನೆಲುಬು ಇರುವುದರಿಂದ ಇದು ಶಾಖವನ್ನು ತಾಳುತ್ತದೆ, ಬಲವೂ ಇದೆ. ಇದರ ಕೊರತೆ ಇರುವುದು ಒಳರಚನೆಯಲ್ಲಿ. ನಾಫಿಯಾನಿನಲ್ಲಿ ನೀರನ್ನು ದೂರವಿಡುವ ಭಾಗವೂ ನೀರನ್ನು ಹಿಡಿಯುವ ಭಾಗವೂ ಚೆನ್ನಾಗಿ ಬೇರ್ಪಟ್ಟು ಅಗಲವಾದ ನೀರ್ಗಾಲುವೆಗಳಾಗುತ್ತವೆ. ಎಸ್‌ಪೀಕಿನಲ್ಲಿ ಕಾಲುವೆಗಳು ಕಿರಿದು, ಕವಲು ಹೆಚ್ಚು, ಎಷ್ಟೋ ಕವಲುಗಳು ಮುಂದೆ ದಾರಿಯಿಲ್ಲದೆ ಮುಗಿದುಹೋಗುತ್ತವೆ. ಆಮ್ಲದ ಬಲವೂ ನಾಫಿಯಾನಿಗಿಂತ ಕಡಿಮೆ. ಆದ್ದರಿಂದ ನೀರು ತುಂಬಿರುವಾಗ ಇದು ಸರಿಸಮಾನವಾಗಿ ಕೆಲಸ ಮಾಡಿದರೂ ಗಾಳಿಯ ತೇವ ಇಳಿದಂತೆ ವಾಹಕತೆ ಕಡಿದಾಗಿ ಕುಸಿಯುತ್ತದೆ. ಮುಂದಿನ ಹಂತಗಳೆಲ್ಲ ಎಸ್‌ಪೀಕ್ ಕುರಿತವು. ಸಲ್ಫೋನೇಟ್ ಮಾಡಿದ ಪಾಲಿಸಲ್ಫೋನಿಗೂ ಇದೇ ತರ್ಕ ಸಲ್ಲುತ್ತದೆ.

ಮೂರನೆಯ ಹೆಜ್ಜೆ: ಸಲ್ಫೋನೇಷನ್

ಪೀಕ್ ಪುಡಿಯನ್ನು 100 ಡಿಗ್ರಿಯಲ್ಲಿ ರಾತ್ರಿಯಿಡೀ ನಿರ್ವಾತದಲ್ಲಿ ಒಣಗಿಸಿ. 100 ಮಿಲಿಲೀಟರ್ ಸಾಂದ್ರ ಗಂಧಕಾಮ್ಲಕ್ಕೆ, ಅಂದರೆ 95ರಿಂದ 98 ಶೇಕಡಾ ಸಾಂದ್ರತೆಯದ್ದಕ್ಕೆ, 5 ಗ್ರಾಂ ಪುಡಿಯನ್ನು ಚಿಟಿಕೆ ಚಿಟಿಕೆಯಾಗಿ ಹಾಕುತ್ತಾ ಯಾಂತ್ರಿಕ ಕಲಕದಿಂದ ತಿರುವುತ್ತಿರಿ. ಒಮ್ಮೆಲೇ ಸುರಿದರೆ ಪುಡಿ ಗಂಟು ಕಟ್ಟುತ್ತದೆ. ಗಂಟಿನ ಹೊರಮೈ ಪೂರ್ತಿ ಸಲ್ಫೋನೇಟ್ ಆಗಿ ಒಳಗೆ ಹಸಿ ಪೀಕ್ ಉಳಿಯುತ್ತದೆ. ದ್ರಾವಣ ಕೆಂಪು ಬೆರೆತ ಕಂದು ಬಣ್ಣಕ್ಕೆ ತಿರುಗಿ ಜೇನಿನಂತೆ ಮಂದವಾಗುತ್ತದೆ. ಪೂರ್ತಿ ಕರಗಿದ ಮೇಲೆ ಉಷ್ಣತೆಯನ್ನು 50 ಡಿಗ್ರಿಗೆ ಏರಿಸಿ ಕೆಲವು ಗಂಟೆ ಹಿಡಿದಿಡಿ.

ಎಷ್ಟು ಗಂಟೆ ಎಂಬ ಪ್ರಶ್ನೆಗೆ ಯಾರೋ ಬರೆದ ಅಂಕಿಯನ್ನು ನಂಬಬೇಡಿ. ಆಮ್ಲದ ಸಾಂದ್ರತೆ, ಪುಡಿಯ ಕಣದ ಗಾತ್ರ, ಕಲಕುವ ವೇಗ, ಉಷ್ಣತೆ ಎಲ್ಲವೂ ಅದನ್ನು ಬದಲಿಸುತ್ತವೆ. ಸಲ್ಫೋನೇಷನ್ ಹಿಂದಕ್ಕೂ ನಡೆಯಬಲ್ಲ ಕ್ರಿಯೆಯಾದ್ದರಿಂದ ಬಾಟಲಿ ತೆರೆದಿಟ್ಟು ತೇವ ಹೀರಿದ ಆಮ್ಲ ಹೊಸ ಆಮ್ಲದಂತೆ ವರ್ತಿಸುವುದಿಲ್ಲ. ಮೊದಲ ಸಲ ಪ್ರತಿ ಗಂಟೆಗೊಮ್ಮೆ ಹತ್ತು ಮಿಲಿಲೀಟರ್ ಹೊರತೆಗೆದು ಪ್ರತ್ಯೇಕವಾಗಿ ತೊಳೆದು, ಮುಂದೆ ಹೇಳುವ ಟೈಟ್ರೇಷನ್ ಮಾಡಿ ನಿಮ್ಮದೇ ಕಾಲ-ಸಲ್ಫೋನೇಷನ್ ರೇಖೆಯನ್ನು ಬರೆದುಕೊಳ್ಳಿ. ಒಂದು ದಿನದ ಈ ಶ್ರಮ ಮುಂದಿನ ಹತ್ತು ಬ್ಯಾಚುಗಳನ್ನು ಉಳಿಸುತ್ತದೆ.

ಗುರಿ ಎಷ್ಟಿರಬೇಕು? ಸಾಂದ್ರ ಆಮ್ಲದಲ್ಲಿ ಪೀಕ್‌ನ ಪ್ರತಿ ಪುನರಾವರ್ತಿತ ಘಟಕಕ್ಕೆ ಹೆಚ್ಚೆಂದರೆ ಒಂದು ಸಲ್ಫೋನಿಕ್ ಗುಂಪು ಸೇರುತ್ತದೆ. ಅದು ಸೇರುವುದು ಎರಡು ಈಥರ್ ಬಂಧಗಳ ನಡುವಿನ ಉಂಗುರಕ್ಕೆ. ಸಲ್ಫೋನೇಷನ್ ಪ್ರಮಾಣ, ಅಂದರೆ ಘಟಕಕ್ಕೆ ಸರಾಸರಿ ಎಷ್ಟು ಗುಂಪು ಎಂಬುದು, 0.5ಕ್ಕಿಂತ ಕಡಿಮೆ ಇದ್ದರೆ ಪ್ರೋಟಾನಿಗೆ ದಾರಿ ಸಾಲದು. 0.7 ದಾಟಿದರೆ ಬಿಸಿ ನೀರಿನಲ್ಲಿ ಪೊರೆ ವಿಪರೀತ ಉಬ್ಬುತ್ತದೆ, ಒಂದರ ಹತ್ತಿರ ಹೋದರೆ ಬಿಸಿ ನೀರಿನಲ್ಲಿ ಕರಗಿಯೇ ಹೋಗುತ್ತದೆ. ನಾನು ಸರಳ ಪೊರೆಗೆ 0.55ರಿಂದ 0.65, ಹೆಣಿಗೆ ಹಾಕುವ ಉದ್ದೇಶವಿದ್ದರೆ 0.7 ಹಿಡಿಯುತ್ತೇನೆ.

ಕ್ರಿಯೆ ನಿಲ್ಲಿಸಲು ಆ ದ್ರಾವಣವನ್ನು ಮಂಜುಗಡ್ಡೆ ತುಂಬಿದ, ಜೋರಾಗಿ ತಿರುಗುತ್ತಿರುವ ಧಾರಾಳ ನೀರಿಗೆ ಸಣ್ಣ ಧಾರೆಯಾಗಿ ಸುರಿಯಿರಿ. ನೀರನ್ನು ಆಮ್ಲಕ್ಕೆ ಎಂದೂ ಸುರಿಯಬಾರದು. ಅದು ಕುದಿದು ಮುಖಕ್ಕೆ ಸಿಡಿಯುತ್ತದೆ. ಕನ್ನಡಕ, ಆಮ್ಲ ತಡೆಯುವ ಕೈಗವಸು, ಹೊಗೆಗೂಡು ಕಡ್ಡಾಯ. ಬಿಳಿಯ ಎಳೆಗಳು ರೂಪುಗೊಳ್ಳುತ್ತವೆ. ಧಾರೆ ದಪ್ಪವಾದರೆ ಎಳೆಯೂ ದಪ್ಪವಾಗಿ, ಅದರ ನಡುವಿನ ಆಮ್ಲ ಎಷ್ಟು ತೊಳೆದರೂ ಹೊರಬರುವುದಿಲ್ಲ.

ತೊಳೆಯುವುದು ಬೇಸರದ ಕೆಲಸ, ಆದರೆ ಅರ್ಧ ವೈಫಲ್ಯಗಳ ಬೇರು ಇಲ್ಲೇ ಇದೆ. ಪಿಎಚ್ ಕಾಗದ 6 ತೋರಿಸಿದೆಯೆಂದು ನಿಲ್ಲಿಸಬೇಡಿ. ಎಳೆಗಳನ್ನು ಹೊಸ ಅಯಾನುರಹಿತ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಆ ನೀರಿಗೆ ಬೇರಿಯಂ ಕ್ಲೋರೈಡಿನ ಕೆಲವು ಹನಿ ಹಾಕಿ ನೋಡಿ; ಬಿಳಿ ಮಬ್ಬು ಕಾಣಿಸಿದರೆ ಇನ್ನೂ ಸಲ್ಫೇಟ್ ಇದೆ ಎಂದರ್ಥ. ಬೇರಿಯಂ ವಿಷಕಾರಿಯಾದ್ದರಿಂದ ಆ ಪರೀಕ್ಷೆಯ ನೀರನ್ನು ಬೇರೆಯಾಗಿ ಸಂಗ್ರಹಿಸಬೇಕು. ಸ್ವಚ್ಛವಾದ ಎಳೆಗಳನ್ನು 60 ಡಿಗ್ರಿಯಲ್ಲಿ, ಆಮೇಲೆ 80ರಲ್ಲಿ ಒಣಗಿಸಿ.

ನಾಲ್ಕನೆಯ ಹೆಜ್ಜೆ: ಟೈಟ್ರೇಷನ್

ಅಯಾನು ವಿನಿಮಯ ಸಾಮರ್ಥ್ಯವನ್ನು, ಅಂದರೆ ಒಂದು ಗ್ರಾಂ ಪಾಲಿಮರಿನಲ್ಲಿ ಬಿಟ್ಟುಕೊಡಬಲ್ಲ ಪ್ರೋಟಾನ್ ಎಷ್ಟಿದೆ ಎಂಬುದನ್ನು, ಅಳೆಯದೆ ಮುಂದೆ ಹೋಗಬೇಡಿ. ಪೂರ್ತಿ ಒಣಗಿಸಿ ತೂಗಿದ ಮಾದರಿಯನ್ನು ಒಂದು ಮೋಲಾರ್ ಸೋಡಿಯಂ ಕ್ಲೋರೈಡ್ ದ್ರಾವಣದಲ್ಲಿ 24 ಗಂಟೆ ನೆನೆಸಿದರೆ ಪ್ರೋಟಾನುಗಳು ಹೊರಬಂದು ಸೋಡಿಯಂ ಒಳಸೇರುತ್ತದೆ. ಹೊರಬಂದ ಆಮ್ಲವನ್ನು ಫಿನಾಫ್ತಲೀನ್ ಸೂಚಕ ಹಾಕಿ ಸೋಡಿಯಂ ಹೈಡ್ರಾಕ್ಸೈಡಿನಿಂದ ಟೈಟ್ರೇಟ್ ಮಾಡಿ. ಉದಾಹರಣೆಗೆ, 0.250 ಗ್ರಾಂ ಮಾದರಿಗೆ 0.02 ಮೋಲಾರ್ ಕ್ಷಾರ 21.0 ಮಿಲಿಲೀಟರ್ ಖರ್ಚಾದರೆ, 0.42 ಮಿಲಿಮೋಲ್ ಪ್ರೋಟಾನ್ ಇತ್ತೆಂದಾಯಿತು. ಗ್ರಾಂ ಒಂದಕ್ಕೆ 1.68 ಮಿಲಿಮೋಲ್. ಪೀಕ್‌ನ ಪುನರಾವರ್ತಿತ ಘಟಕದ ತೂಕ 288, ಸೇರುವ ಸಲ್ಫೋನಿಕ್ ಗುಂಪು ಹೆಚ್ಚಿಸುವ ತೂಕ 80. ಆದ್ದರಿಂದ 288ನ್ನು 1.68ರಿಂದ ಗುಣಿಸಿ, 1000ದಿಂದ 80 ಪಟ್ಟು 1.68ನ್ನು ಕಳೆದು ಬಂದದ್ದರಿಂದ ಭಾಗಿಸಿದರೆ ಸಲ್ಫೋನೇಷನ್ ಪ್ರಮಾಣ 0.56 ಎಂದು ತಿಳಿಯುತ್ತದೆ. ಹೋಲಿಕೆಗೆ, ನಾಫಿಯಾನ್ 117ರ ಸಾಮರ್ಥ್ಯ ಸುಮಾರು 0.91 ಮಾತ್ರ. ಅಷ್ಟು ಕಡಿಮೆ ಆಮ್ಲದಿಂದ ಅದು ಅಷ್ಟು ಕೆಲಸ ತೆಗೆಯುವುದೇ ಒಳರಚನೆಯ ಮಹತ್ವವನ್ನು ಹೇಳುತ್ತದೆ.

ಐದನೆಯ ಹೆಜ್ಜೆ: ಫಿಲ್ಮ್ ಎಳೆಯುವುದು

ದ್ರಾವಕದ ಆಯ್ಕೆ ಕಾಣುವುದಕ್ಕಿಂತ ಹೆಚ್ಚು ಮುಖ್ಯ. ಡೈಮೀಥೈಲ್ ಫಾರ್ಮಮೈಡ್ ಸುಲಭವಾಗಿ ಕರಗಿಸುತ್ತದೆ. ಆದರೆ ಉಳಿದ ಆಮ್ಲದೊಂದಿಗೆ ಕಾದಾಗ ಒಡೆದು ಡೈಮೀಥೈಲ್ ಅಮೀನ್ ಕೊಡುತ್ತದೆ, ಆ ಅಮೀನ್ ಸಲ್ಫೋನಿಕ್ ಗುಂಪುಗಳಿಗೆ ಅಂಟಿ ವಾಹಕತೆ ತಗ್ಗಿಸುತ್ತದೆ. ಜೊತೆಗೆ ಅದು, ಡೈಮೀಥೈಲ್ ಅಸಿಟಮೈಡ್ ಮತ್ತು ಎನ್-ಮೀಥೈಲ್ ಪಿರೊಲಿಡೋನ್ ಮೂರೂ ಸಂತಾನಶಕ್ತಿಗೆ ಹಾನಿಕರವೆಂದು ವರ್ಗೀಕೃತವಾದವು. ನಾನು ಸಾಧ್ಯವಾದಲ್ಲೆಲ್ಲ ಡೈಮೀಥೈಲ್ ಸಲ್ಫಾಕ್ಸೈಡ್ ಬಳಸುತ್ತೇನೆ. ಅದು ನಿಧಾನವಾಗಿ ಆವಿಯಾಗುತ್ತದೆ, ಹಾಗಾಗಿ ತಾಳ್ಮೆ ಬೇಕು. ಕೈಗವಸು ಇದಕ್ಕೂ ಬೇಕು, ಚರ್ಮದ ಮೂಲಕ ಬೇರೆ ವಸ್ತುಗಳನ್ನೂ ಒಳಗೆ ಕೊಂಡೊಯ್ಯುವ ಗುಣ ಅದಕ್ಕಿದೆ.

ದಪ್ಪವನ್ನು ಅದೃಷ್ಟಕ್ಕೆ ಬಿಡದೆ ಲೆಕ್ಕ ಹಾಕಿ. ನೂರು ಚದರ ಸೆಂಟಿಮೀಟರ್ ಗಾಜಿನ ತಟ್ಟೆಯ ಮೇಲೆ 50 ಮೈಕ್ರಾನ್ ಒಣ ಫಿಲ್ಮ್ ಬೇಕೆಂದರೆ ಅರ್ಧ ಘನ ಸೆಂಟಿಮೀಟರ್ ಪಾಲಿಮರ್ ಬೇಕು. ಸಾಂದ್ರತೆ ಸುಮಾರು 1.3 ಎಂದರೆ 0.65 ಗ್ರಾಂ, ಶೇಕಡಾ 8ರ ದ್ರಾವಣದಲ್ಲಾದರೆ 8.1 ಗ್ರಾಂ ದ್ರಾವಣ. ಅಷ್ಟನ್ನು ಸೋಸಿ, ಗುಳ್ಳೆಗಳು ಹೋಗುವ ತನಕ ಸುಮ್ಮನೆ ಬಿಟ್ಟು, ತಟ್ಟೆಗೆ ಸುರಿಯಿರಿ. ತಟ್ಟೆ ಸಮತಟ್ಟಾಗಿದೆಯೇ ಎಂದು ರಸಮಟ್ಟ ಇಟ್ಟು ಎರಡೂ ದಿಕ್ಕಿನಲ್ಲಿ ನೋಡಿ. ಮೇಜಿನ ಮೇಲೆ ನೋಡಿದರೆ ಸಾಲದು, ಒಲೆಯೊಳಗಿನ ಅಡ್ಡಪಟ್ಟಿಯ ಮೇಲೇ ನೋಡಬೇಕು. ನನ್ನ ಮೊದಲ ಹನ್ನೆರಡು ಫಿಲ್ಮುಗಳು ಒಂದು ಅಂಚಿನಲ್ಲಿ 80 ಮೈಕ್ರಾನ್, ಎದುರಿನ ಅಂಚಿನಲ್ಲಿ 30 ಮೈಕ್ರಾನ್ ಬಂದದ್ದು ಒಲೆಯ ಪಟ್ಟಿ ಕಣ್ಣಿಗೆ ಕಾಣದಷ್ಟು ವಾಲಿದ್ದರಿಂದ. ವಾರಗಟ್ಟಲೆ ನಾನು ದ್ರಾವಣದ ಮಂದತೆಯನ್ನು ದೂರುತ್ತಿದ್ದೆ.

ತೂತು ಮಾಡಿದ ಅಲ್ಯೂಮಿನಿಯಂ ಹಾಳೆಯನ್ನು ತಾಗದಂತೆ ಮೇಲೆ ಮುಚ್ಚಿ 60 ಡಿಗ್ರಿಯಲ್ಲಿ ಒಂದು ದಿನ, ಆಮೇಲೆ ನಿರ್ವಾತದಲ್ಲಿ 100ರಿಂದ 120 ಡಿಗ್ರಿಯಲ್ಲಿ ಮೂರು-ನಾಲ್ಕು ಗಂಟೆ ಒಣಗಿಸಿ. ತಣಿದ ತಟ್ಟೆಯನ್ನು ನೀರಿನಲ್ಲಿ ಮುಳುಗಿಸಿದರೆ ಫಿಲ್ಮ್ ಅಂಚಿನಿಂದ ತಾನಾಗಿ ಏಳುತ್ತದೆ. ಚಾಕುವಿನಿಂದ ಕೀಳಲು ಹೋಗಬೇಡಿ. ಕೊನೆಗೆ ಒಂದು ಮೋಲಾರ್ ಗಂಧಕಾಮ್ಲದಲ್ಲಿ ಒಂದು ದಿನ ನೆನೆಸಿ, ನೀರಿನಲ್ಲಿ ಹಲವು ಸಲ ತೊಳೆಯಿರಿ. ಈ ಹಂತದಿಂದ ಮುಂದೆ ಉಕ್ಕಿನ ಚಿಮಟ, ಉಕ್ಕಿನ ಕ್ಲಿಪ್ ಬಳಸಬಾರದು. ಕಬ್ಬಿಣದ ಕುರುಹು ಪೊರೆಯನ್ನು ಹೇಗೆ ತಿನ್ನುತ್ತದೆಂಬುದು ಮುಂದೆ ಬರುತ್ತದೆ.

ಆರನೆಯ ಹೆಜ್ಜೆ: ಸುಧಾರಿಸುವ ಮೊದಲು ಅಳೆಯುವುದು

ಒಂದೇ ಬ್ಯಾಚಿನ ಕನಿಷ್ಠ ಮೂರು ತುಂಡುಗಳ ಅಳತೆ ಬೇಕು. ನೀರು ಹೀರಿಕೆಗೆ ಒಣ ತೂಕ, 80 ಡಿಗ್ರಿ ನೀರಿನಲ್ಲಿ ನೆನೆದ ಮೇಲಿನ ತೂಕ. ಉಬ್ಬುವಿಕೆಗೆ ಉದ್ದ ಮತ್ತು ದಪ್ಪ. ಒಂದು ಸಲ್ಫೋನಿಕ್ ಗುಂಪಿಗೆ ಎಷ್ಟು ನೀರಿನ ಅಣು ಎಂಬ ಲೆಕ್ಕವನ್ನೂ ಮಾಡಿ: ಸಾಮರ್ಥ್ಯ 1.68 ಇರುವ ಪೊರೆ ತೂಕದ ಶೇಕಡಾ 35ರಷ್ಟು ನೀರು ಹೀರಿದರೆ ಗುಂಪಿಗೆ ಸುಮಾರು 11.6 ಅಣು. ಪ್ರೋಟಾನು ನೀರಿನ ಅಣುವಿನಿಂದ ಅಣುವಿಗೆ ಜಿಗಿಯುತ್ತಲೂ, ನೀರಿನ ಜೊತೆ ಸೇರಿ ತೇಲುತ್ತಲೂ ಸಾಗುವುದರಿಂದ ಈ ಅಂಕಿ ವಾಹಕತೆಯನ್ನು ಅರ್ಥಮಾಡಿಕೊಳ್ಳಲು ತೂಕದ ಶೇಕಡಾವಾರಿಗಿಂತ ಹೆಚ್ಚು ನೆರವಾಗುತ್ತದೆ.

ವಾಹಕತೆಗೆ ನಾಲ್ಕು ತಂತಿಯ ಪ್ರತಿಬಾಧೆ ವಿಧಾನ ಉತ್ತಮ. ಒಂದು ಸೆಂಟಿಮೀಟರ್ ಅಗಲ, 60 ಮೈಕ್ರಾನ್ ದಪ್ಪದ ಪಟ್ಟಿಯಲ್ಲಿ ಒಳತಂತಿಗಳ ಅಂತರ ಒಂದು ಸೆಂಟಿಮೀಟರ್ ಇದ್ದು ರೋಧ 2,500 ಓಮ್ ಬಂದರೆ ವಾಹಕತೆ ಸೆಂಟಿಮೀಟರಿಗೆ 0.067 ಸೀಮೆನ್ಸ್. ದಪ್ಪವನ್ನು ಅಳೆಯಬೇಕಾದದ್ದು ನೆನೆದ ಸ್ಥಿತಿಯಲ್ಲಿ. ಒಣ ದಪ್ಪ ಹಾಕಿದರೆ ವಾಹಕತೆ ಸುಳ್ಳಾಗಿ ಏರುತ್ತದೆ. ಪೂರ್ತಿ ತೇವದಲ್ಲಿ ಮಾತ್ರ ಅಳೆದು ತೃಪ್ತಿಪಡದೆ 70 ಮತ್ತು 50 ಶೇಕಡಾ ಸಾಪೇಕ್ಷ ಆರ್ದ್ರತೆಯಲ್ಲೂ ಅಳೆಯಿರಿ. ಅಗ್ಗದ ಪೊರೆ ಸೋಲುವುದು ಅಲ್ಲೇ.

ಏಳನೆಯ ಹೆಜ್ಜೆ: ಸುಧಾರಣೆ, ಒಂದು ಸಲಕ್ಕೆ ಒಂದೇ

ಇಲ್ಲಿಂದ ಒಂದು ಬಾರಿಗೆ ಒಂದೇ ಬದಲಾವಣೆ ಮಾಡಬೇಕು. ಹೆಣಿಗೆ, ಪುಡಿ, ಆಧಾರಬಲೆ ಮೂರನ್ನೂ ಒಟ್ಟಿಗೆ ಸೇರಿಸಿ ಒಳ್ಳೆಯ ಫಲ ಬಂದರೂ ಯಾವುದರಿಂದ ಬಂತೆಂದು ಹೇಳಲಾಗುವುದಿಲ್ಲ.

ಮೊದಲು ಉಬ್ಬುವಿಕೆಯನ್ನು ಹಿಡಿಯಿರಿ. ಅತಿ ಸರಳ ಉಪಾಯ ಶಾಖದ ಹೆಣಿಗೆ: ಡೈಮೀಥೈಲ್ ಸಲ್ಫಾಕ್ಸೈಡಿನ ಕುರುಹು ಉಳಿದಿರುವ ಫಿಲ್ಮನ್ನು 160ರಿಂದ 180 ಡಿಗ್ರಿಯಲ್ಲಿ ಕಾಯಿಸಿದರೆ ಸರಪಳಿಗಳ ನಡುವೆ ಸಲ್ಫೋನ್ ಸೇತುವೆಗಳು ಕಟ್ಟಿಕೊಳ್ಳುತ್ತವೆ. ಒಂದು ತುಣುಕನ್ನು ಮೂಲ ದ್ರಾವಕದಲ್ಲಿ ಹಾಕಿ ನೋಡಿ. ಕರಗದೆ ಉಬ್ಬಿ ನಿಂತರೆ ಹೆಣಿಗೆ ಆಗಿದೆ. ಪ್ರತಿ ಸೇತುವೆಯೂ ಸಲ್ಫೋನಿಕ್ ಗುಂಪನ್ನು ತಿನ್ನುವುದರಿಂದ ಟೈಟ್ರೇಷನ್ ಮತ್ತೆ ಮಾಡಬೇಕು.

ನನಗೆ ಹೆಚ್ಚು ಹಿಡಿಸಿದ್ದು ಆಮ್ಲ-ಪ್ರತ್ಯಾಮ್ಲ ಮಿಶ್ರಣ. ಎಸ್‌ಪೀಕಿಗೆ ಸ್ವಲ್ಪ ಪಾಲಿಬೆಂಜಿಮಿಡಜೋಲ್ ಬೆರೆಸಿದರೆ ಅದರ ನೈಟ್ರೋಜನುಗಳು ಸಲ್ಫೋನಿಕ್ ಗುಂಪುಗಳ ಪ್ರೋಟಾನನ್ನು ಹಿಡಿದು ಉಪ್ಪಿನ ಗಂಟುಗಳಾಗುತ್ತವೆ. ಪೊರೆ ಬಿಗಿಯಾಗುತ್ತದೆ, ಒಣಗಿದಾಗಿನ ಪೆಡಸುತನವೂ ಕಡಿಮೆಯಾಗುತ್ತದೆ. ಆದರೆ ಎರಡು ದ್ರಾವಣಗಳನ್ನು ನೇರವಾಗಿ ಬೆರೆಸಿದ ಕ್ಷಣವೇ ಅವು ಮೊಸರಿನಂತೆ ಒಡೆದು ಗಂಟಾಗುತ್ತವೆ. ಎಸ್‌ಪೀಕನ್ನು ಮೊದಲು ಟ್ರೈಎಥೈಲ್ ಅಮೀನಿನಿಂದ ತಟಸ್ಥಗೊಳಿಸಿ, ಆಮೇಲೆ ಬೆರೆಸಿ ಫಿಲ್ಮ್ ಎಳೆದು, ಕೊನೆಗೆ ಬಿಸಿಯಾದ ಸಾರರಿಕ್ತ ಆಮ್ಲದಲ್ಲಿ ಅಮೀನನ್ನು ಹೊರಹಾಕಬೇಕು.

ಎಷ್ಟು ಬೆರೆಸಬೇಕೆಂಬುದಕ್ಕೆ ಲೆಕ್ಕ ಹೀಗಿದೆ. ಪಾಲಿಬೆಂಜಿಮಿಡಜೋಲಿನ ಘಟಕದ ತೂಕ 308, ಪ್ರತಿ ಘಟಕದಲ್ಲಿ ಪ್ರೋಟಾನ್ ಹಿಡಿಯುವ ಎರಡು ನೈಟ್ರೋಜನ್. ನೂರು ಗ್ರಾಂ ಪೊರೆಯಲ್ಲಿ 5 ಗ್ರಾಂ ಇದಿದ್ದರೆ ಸುಮಾರು 32 ಮಿಲಿಮೋಲ್ ಹಿಡಿತದ ತಾಣಗಳು. ಉಳಿದ 95 ಗ್ರಾಂ ಎಸ್‌ಪೀಕಿನ ಸಾಮರ್ಥ್ಯ 1.68 ಇದ್ದರೆ ಒಟ್ಟು 160 ಮಿಲಿಮೋಲ್. ಅಂದರೆ ಐದೇ ಶೇಕಡಾ ಮಿಶ್ರಣ ಆಮ್ಲದ ಐದನೇ ಒಂದು ಪಾಲನ್ನು ಕಟ್ಟಿಹಾಕಬಹುದು, ಸಾಮರ್ಥ್ಯ 1.27ಕ್ಕೆ ಇಳಿಯಬಹುದು. ಅದಕ್ಕೇ ಮಿಶ್ರಣಕ್ಕೆ 0.7 ಪ್ರಮಾಣದ ಎಸ್‌ಪೀಕ್ ಹಿಡಿಯಿರಿ ಎಂದದ್ದು. ಅದರ ಸಾಮರ್ಥ್ಯ 2.03, ಅದೇ ಲೆಕ್ಕದಲ್ಲಿ ಮಿಶ್ರಣಕ್ಕೆ 1.6 ಉಳಿಯುತ್ತದೆ. ಮಿಶ್ರಣ ಕೈಕೊಟ್ಟಿತೆಂದು ದೂರುವವರಲ್ಲಿ ಹಲವರು ಈ ಗುಣಾಕಾರವನ್ನು ಮಾಡಿರುವುದಿಲ್ಲ.

ಎರಡನೆಯದು ಆಧಾರಬಲೆ. ರಂಧ್ರಭರಿತ ಟೆಫ್ಲಾನ್ ಹಾಳೆ ಪ್ರಸಿದ್ಧವಾದರೂ ಫ್ಲೂರಿನ್ ಬೇಡವೆನ್ನುವವರು ಲಿಥಿಯಂ ಬ್ಯಾಟರಿಗಳಲ್ಲಿ ಬಳಸುವ ರಂಧ್ರಭರಿತ ಪಾಲಿಎಥಿಲೀನ್ ಹಾಳೆಯನ್ನು ಪರಿಗಣಿಸಬಹುದು. ಅದರಲ್ಲಿ ರಂಧ್ರಗಳ ಪಾಲು ಸುಮಾರು ಶೇಕಡಾ 40 ಇರುವುದರಿಂದ ವಾಹಕತೆ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಆದರೆ ದಪ್ಪ 20 ಮೈಕ್ರಾನ್ ಮಾತ್ರ. ಎಸ್‌ಪೀಕಿನ ವಾಹಕತೆ 0.05 ಎಂದರೆ, ಅಂಕುಡೊಂಕು ದಾರಿಯ ನಷ್ಟವನ್ನು ಬದಿಗಿಟ್ಟು, ರೋಧ 0.1 ಬರುತ್ತದೆ, 50 ಮೈಕ್ರಾನ್ ಬರಿಯ ಫಿಲ್ಮಿನಷ್ಟೇ. ಉಬ್ಬುವಿಕೆಯನ್ನು ಬಲೆ ಹಿಡಿದಿಡುವುದು ಲಾಭ. ಹಾಳೆಯನ್ನು ಚೌಕಟ್ಟಿಗೆ ಬಿಗಿದು, ಮೊದಲು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ತೋಯಿಸಿ, ತೆಳು ದ್ರಾವಣವನ್ನು ಎರಡು-ಮೂರು ಸಲ ಹಚ್ಚಿ. ರಂಧ್ರ ತುಂಬಿದಂತೆ ಬೆಳ್ಳಗಿನ ಹಾಳೆ ಪಾರದರ್ಶಕವಾಗುತ್ತಾ ಬರುತ್ತದೆ; ಬೆಳಕಿಗೆ ಹಿಡಿದಾಗ ಬಿಳಿ ಚುಕ್ಕೆ ಉಳಿದಿದ್ದರೆ ಅಲ್ಲಿ ದ್ರಾವಣ ಇಳಿದಿಲ್ಲ.

ಪುಡಿ ಬೆರೆಸುವ ವಿಚಾರವನ್ನು ನಾನು ಮೂರನೆಯ ಸ್ಥಾನದಲ್ಲಿಡುತ್ತೇನೆ, ಅದರ ಬಗ್ಗೆ ಬರುವ ಪ್ರಬಂಧಗಳ ರಾಶಿ ಎಷ್ಟೇ ಎತ್ತರವಿದ್ದರೂ. ಸಿಲಿಕಾ ನೀರನ್ನು ಹಿಡಿದಿಡುವುದರಿಂದ ಕಡಿಮೆ ತೇವದಲ್ಲಿ ನೆರವಾಗುತ್ತದೆ. ಪೂರ್ತಿ ತೇವದಲ್ಲಿ ಅದು ಪ್ರೋಟಾನಿಗೆ ಅಡ್ಡಗಲ್ಲೇ. ಶೇಕಡಾ 2ರಿಂದ 5ರ ಮೇಲೆ ಹೋದರೆ ಕಣಗಳು ಗುಂಪುಗೂಡಿ ಪೊರೆ ಪೆಡಸಾಗುತ್ತದೆ. ಕಣಗಳ ಮೈಗೇ ಸಲ್ಫೋನಿಕ್ ಗುಂಪು ಕಟ್ಟಿದ ಸಿಲಿಕಾ ಇದಕ್ಕಿಂತ ಮೇಲು. ಫಾಸ್ಫೋಟಂಗ್‌ಸ್ಟಿಕ್ ಆಮ್ಲ ಬೆರೆಸಿದರೆ ಮೊದಲ ದಿನ ವಾಹಕತೆ ಸೊಗಸಾಗಿ ಏರುತ್ತದೆ. ಅದು ನೀರಿನಲ್ಲಿ ಕರಗುವ ವಸ್ತುವಾದ್ದರಿಂದ ವಾರದೊಳಗೆ ತೊಳೆದುಹೋಗುತ್ತದೆ. ಅದನ್ನೇ ಬಳಸುವುದಾದರೆ ಕರಗದ ಸೀಸಿಯಂ ಲವಣದ ರೂಪದಲ್ಲಿ ಬಳಸಿ, ಮತ್ತು ಬಿಸಿ ನೀರಿನಲ್ಲಿ ಒಂದು ವಾರ ಇಟ್ಟ ಮೇಲಿನ ಅಳತೆಯನ್ನಷ್ಟೇ ನಂಬಿ.

ಎಂಟನೆಯ ಹೆಜ್ಜೆ: ಬಾಳಿಕೆಯ ಪರೀಕ್ಷೆ

ಪೊರೆ ಸಾಯುವುದು ಎರಡು ರೀತಿಯಲ್ಲಿ. ಒಂದು ರಾಸಾಯನಿಕ: ದಾಟಿಬಂದ ಅನಿಲದಿಂದ ಹೈಡ್ರೋಜನ್ ಪೆರಾಕ್ಸೈಡ್ ಉಂಟಾಗಿ, ಕಬ್ಬಿಣದ ಅಯಾನು ಸಿಕ್ಕರೆ ಅದು ಒಡೆದು, ಸಿಕ್ಕಿದ್ದರೊಂದಿಗೆಲ್ಲ ಪ್ರತಿಕ್ರಿಯಿಸುವ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಆಗಿ ಸರಪಳಿಗಳನ್ನು ಕತ್ತರಿಸುತ್ತದೆ. ಉಕ್ಕಿನ ಚಿಮಟ ಬೇಡವೆಂದದ್ದು ಇದಕ್ಕೇ. ಶೇಕಡಾ 3ರ ಪೆರಾಕ್ಸೈಡಿಗೆ ಹತ್ತು ಲಕ್ಷಕ್ಕೆ ಎರಡರಿಂದ ನಾಲ್ಕು ಭಾಗ ಕಬ್ಬಿಣ ಹಾಕಿ 80 ಡಿಗ್ರಿಯಲ್ಲಿ ತುಂಡನ್ನು ಮುಳುಗಿಸಿಡುವುದು ಫೆಂಟನ್ ಪರೀಕ್ಷೆ. ಅದು ಮುರಿಯಲು ಎಷ್ಟು ಹೊತ್ತು ಹಿಡಿಯಿತೆಂದು ಬರೆದುಕೊಳ್ಳುತ್ತಾರೆ. ಎರಡು ಹೈಡ್ರೋಕಾರ್ಬನ್ ಪೊರೆಗಳನ್ನು ಒಂದಕ್ಕೊಂದು ಹೋಲಿಸಲು ಇದು ಸರಿ. ನಾಫಿಯಾನಿನೊಂದಿಗೆ ಹೋಲಿಸಿ ಎದೆಗುಂದಬೇಡಿ, ಕೋಶದೊಳಗೆ ಎಸ್‌ಪೀಕ್ ಈ ಪರೀಕ್ಷೆ ತೋರಿಸುವುದಕ್ಕಿಂತ ಹೆಚ್ಚು ಕಾಲ ಬಾಳುತ್ತದೆ. ಸೀರಿಯಂ ಆಕ್ಸೈಡ್ ಸೇರಿಸುವ ರೂಢಿ ಫ್ಲೂರಿನ್ ಪೊರೆಗಳಿಂದ ಬಂದದ್ದು. ಸುಗಂಧೀಯ ಉಂಗುರಗಳನ್ನು ರ‍್ಯಾಡಿಕಲ್ ಬಹಳ ವೇಗವಾಗಿ ಹಿಡಿಯುವುದರಿಂದ ಸೀರಿಯಮ್ಮಿಗೆ ಇಲ್ಲಿ ಅಷ್ಟು ಅವಕಾಶ ಸಿಗುವುದಿಲ್ಲ. ಅದಕ್ಕಿಂತ ಅನಿಲ ದಾಟುವಿಕೆಯನ್ನು ಮತ್ತು ಕಬ್ಬಿಣವನ್ನು ದೂರವಿಡುವುದು ಫಲಕಾರಿ.

ಇನ್ನೊಂದು ಯಾಂತ್ರಿಕ: ತೇವಗೊಂಡು ಉಬ್ಬಿ, ಒಣಗಿ ಕುಗ್ಗಿ ದಣಿದು ಸೀಳುವುದು. ವಾಹನದ ಪೊರೆಗಳಿಗೆ ಅಮೆರಿಕದ ಇಂಧನ ಇಲಾಖೆ 80 ಡಿಗ್ರಿಯಲ್ಲಿ ಎರಡು ನಿಮಿಷ ತೇವ, ಎರಡು ನಿಮಿಷ ಒಣ ಗಾಳಿಯಂತೆ 20,000 ಆವರ್ತಗಳನ್ನು ಕೇಳುತ್ತದೆ. ಅಷ್ಟು ಸೌಲಭ್ಯ ಇಲ್ಲದಿದ್ದರೆ, ಚೌಕಟ್ಟಿಗೆ ಬಿಗಿದ ಪೊರೆಯನ್ನು ಬಿಸಿ ನೀರಿಗೂ ಒಲೆಗೂ ಇಪ್ಪತ್ತು ಸಲ ದಾಟಿಸಿ ಅಂಚುಗಳನ್ನು ಭೂತಗನ್ನಡಿಯಲ್ಲಿ ನೋಡಿ. ಸಲ್ಫೋನೇಷನ್ ಹೆಚ್ಚಾದ ಪೊರೆಗಳ ನಿಜಬಣ್ಣ ಇಲ್ಲಿ ಬಯಲಾಗುತ್ತದೆ.

ಒಂಬತ್ತನೆಯ ಹೆಜ್ಜೆ: ಕೋಶದಲ್ಲಿ ಕೂರಿಸುವುದು

ಎಸ್‌ಪೀಕ್ ಮೃದುವಾಗಲು 200 ಡಿಗ್ರಿ ಆಸುಪಾಸು ಬೇಕು. ನಾಫಿಯಾನಿಗೆ ಹೇಳಿದ 120-130 ಡಿಗ್ರಿಯ ಬಿಸಿ ಒತ್ತುವಿಕೆಯಲ್ಲಿ ಒಣ ಎಸ್‌ಪೀಕ್ ವಿದ್ಯುದ್ವಾರಕ್ಕೆ ಅಂಟುವುದಿಲ್ಲ. ಸ್ವಲ್ಪ ತೇವ ಉಳಿಸಿಕೊಂಡು ಒತ್ತಿ, ಇಲ್ಲವೇ ಕ್ಯಾಟಲಿಸ್ಟ್ ಶಾಯಿಯನ್ನು ಪೊರೆಯ ಮೇಲೇ ತೆಳು ಪದರಗಳಾಗಿ ಸಿಂಪಡಿಸಿ. ವಿದ್ಯುದ್ವಾರದ ಹಿಂಬದಿಯಲ್ಲಿ ಅನಿಲ ಹರಡುವ ಇಂಗಾಲ ಕಾಗದದ ನುಣುಪು ಪದರ ಪೊರೆಯ ಕಡೆಗಿರಲಿ. ಬರಿಯ ನಾರುಗಳು ತೆಳು ಪೊರೆಯನ್ನು ಚುಚ್ಚುತ್ತವೆ.

ಹೈಡ್ರೋಜನ್ ಬಿಡುವ ಮೊದಲು ನೈಟ್ರೋಜನಿನಿಂದ ಸೋರಿಕೆ ಪರೀಕ್ಷೆ ಮಾಡಿ, ಕೋಣೆಯ ಗಾಳಿ ಆಡುವಂತಿರಲಿ, ಹೊರಹೋಗುವ ಅನಿಲಕ್ಕೆ ಹೊಗೆಗೂಡಿಗೆ ದಾರಿ ಮಾಡಿ. ಗಾಳಿಯಲ್ಲಿ ಶೇಕಡಾ 4 ಹೈಡ್ರೋಜನ್ ಸೇರಿದರೆ ಅದು ಹೊತ್ತಿಕೊಳ್ಳಬಲ್ಲದು. ಆಮೇಲೆ ಒಂದು ಬದಿ ಹೈಡ್ರೋಜನ್, ಇನ್ನೊಂದು ಬದಿ ನೈಟ್ರೋಜನ್ ಇಟ್ಟು ವೋಲ್ಟೇಜನ್ನು 0.5ರವರೆಗೆ ನಿಧಾನವಾಗಿ ಏರಿಸಿ. 0.4 ವೋಲ್ಟಿನಲ್ಲಿ ಕಾಣುವ ಸಮತಟ್ಟಾದ ವಿದ್ಯುತ್ಪ್ರವಾಹವೇ ಹೈಡ್ರೋಜನ್ ದಾಟುವಿಕೆ. ಅದು ಸಮತಟ್ಟಾಗದೆ ಇಳಿಜಾರಾಗಿ ಏರುತ್ತಲೇ ಹೋದರೆ ಎಲೆಕ್ಟ್ರಾನುಗಳಿಗೆ ಎಲ್ಲೋ ನೇರ ದಾರಿ ಸಿಕ್ಕಿದೆ. ಬಹುತೇಕ ನಾರು ಚುಚ್ಚಿದ ಜಾಗ. ಹೊರೆಯಿಲ್ಲದ ವೋಲ್ಟೇಜ್ 0.9ಕ್ಕಿಂತ ಕೆಳಗಿದ್ದರೂ ಇದೇ ಅನುಮಾನ ಬರಬೇಕು.

ಪೂರ್ತಿ ತೇವದ ಅನಿಲದಲ್ಲಿ 60 ಡಿಗ್ರಿಯಿಂದ ಆರಂಭಿಸಿ, 0.6 ವೋಲ್ಟಿನಲ್ಲಿ ಕೆಲವು ಗಂಟೆ ಓಡಿಸಿ ಹದಗೊಳಿಸಿ, ಆಮೇಲೆ 80 ಡಿಗ್ರಿಗೂ ಕಡಿಮೆ ಆರ್ದ್ರತೆಗೂ ಹೋಗಿ. ಕೋಶ ನಿಲ್ಲಿಸುವಾಗ ಒಣ ನೈಟ್ರೋಜನ್ ಹಾಯಿಸಬೇಡಿ. ಒಣಗಿದ ಎಸ್‌ಪೀಕ್ ಒತ್ತಡದಲ್ಲಿ ಸೀಳುತ್ತದೆ.

ಕೋಶದ ಅಧಿಕ ಆವರ್ತನ ರೋಧವನ್ನು, ಅಂದರೆ ಪ್ರತಿಬಾಧೆ ಉಪಕರಣದಲ್ಲಿ ಹೆಚ್ಚಿನ ಆವರ್ತನದಲ್ಲಿ ಸಿಗುವ ರೋಧವನ್ನು, ಮೊದಲ ಪುಟದ ಗುರಿಯೊಂದಿಗೆ ಹೋಲಿಸಿದಾಗ ಎಷ್ಟೋ ಸಲ ಅದು ಲೆಕ್ಕಕ್ಕಿಂತ ಎರಡು ಪಟ್ಟು ಇರುತ್ತದೆ. ಆಗ ಪೊರೆಯನ್ನು ಶಪಿಸುವ ಮೊದಲು ಅದೇ ಪಾಲಿಮರಿನ 30, 50, 80 ಮೈಕ್ರಾನ್ ಪೊರೆಗಳಿಂದ ಮೂರು ಕೋಶ ಕಟ್ಟಿ, ದಪ್ಪಕ್ಕೆ ಎದುರಾಗಿ ರೋಧವನ್ನು ಗುರುತಿಸಿ ಗೆರೆ ಎಳೆಯಿರಿ. ಗೆರೆಯ ಇಳಿಜಾರು ಪೊರೆಯದ್ದು. ದಪ್ಪ ಸೊನ್ನೆಯಾಗುವಲ್ಲಿ ಉಳಿಯುವ ರೋಧ ಸಂಪರ್ಕದ್ದು. ಆ ಉಳಿಕೆಯೇ ದೊಡ್ಡದಾಗಿದ್ದರೆ ಕೆಲಸ ಇರುವುದು ಅಂಟಿಸುವ ಹಂತದಲ್ಲಿ, ಫ್ಲಾಸ್ಕಿನಲ್ಲಲ್ಲ.

ಪರೀಕ್ಷೆ ಮುಗಿದ ಕೋಶವನ್ನು ಬಿಚ್ಚಿದಾಗ ಪೊರೆಯನ್ನು ತೇವವಾಗಿಯೇ ತೆಗೆದು ಬೆಳಕಿಗೆ ಹಿಡಿಯಿರಿ. ನಡುವೆ ಅಲ್ಲಲ್ಲಿ ತೆಳುವಾಗಿ ಬಣ್ಣ ತಿರುಗಿದ್ದರೆ ರ‍್ಯಾಡಿಕಲ್ ತಿಂದಿದೆ. ಗ್ಯಾಸ್ಕೆಟಿನ ಒಳ ಅಂಚಿನ ಉದ್ದಕ್ಕೂ ಗೆರೆ ಎಳೆದಂತೆ ಸೀಳಿದ್ದರೆ ಅದು ಉಬ್ಬು-ಕುಗ್ಗಿನ ಗುರುತು. ಪಾಲಿಮರನ್ನು ಬದಲಿಸುವ ಮೊದಲು ಗ್ಯಾಸ್ಕೆಟಿನ ದಪ್ಪವನ್ನು ಬದಲಿಸಿ, ಅಂಚಿಗೆ ತೆಳು ಪ್ಲಾಸ್ಟಿಕ್ ಚೌಕಟ್ಟೊಂದನ್ನು ಕೊಟ್ಟು ಅದೇ ಬ್ಯಾಚಿನ ಇನ್ನೊಂದು ತುಂಡನ್ನು ಮತ್ತೆ ಓಡಿಸಿ.